ಹಿಂದೆ ಉಳಿದವನ ವೇಗವೇ ತಂಡದ ವೇಗ

ಶಿರಾಡಿ ಘಾಟಿಯ ಬುಡದಲ್ಲಿರುವ ಗುಂಡ್ಯ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಬಸ್ಸು, ಲಾರಿಗಳು ಚಹಾಕ್ಕೆ ನಿಲ್ಲುವ ಜಾಗವೆಂದು. ಮಂಗಳೂರಿನಿಂದ ಹೊರಟವರಿಗೆ ಸಮತಟ್ಟಾದ ದಾರಿ ಮುಗಿದು ಏರು ಶುರುವಾಗುವುದು ಇಲ್ಲಿಯೇ. ಹತ್ತಿರದ ಅಡ್ಡಹೊಳೆಯಿಂದ ಹೆಗ್ಗದ್ದೆಯವರೆಗೆ ಸುಮಾರು 26 ಕಿಲೋಮೀಟರ್ ಘಾಟಿ. ಅದನ್ನು ದಾಟಿ ಸಕಲೇಶಪುರ ಸೇರುವಷ್ಟರಲ್ಲಿ ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರಕ್ಕೆ ಬಂದಿರುತ್ತೇವೆ. ಇನ್ನೊಂದು ದಾರಿ ಸುಬ್ರಹ್ಮಣ್ಯದ ಕಡೆಗೆ ತಿರುಗುತ್ತದೆ. ಅಲ್ಲಿಂದ ಮುಂದೆ ಬಿಸಿಲೆ ಘಾಟಿ. ಸುತ್ತಲೂ ರಬ್ಬರ್, ಅಡಿಕೆ ತೋಟಗಳ ಮಣ್ಣಿನ ದಾರಿಗಳು.

ದಪ್ಪ ಚಕ್ರದ ಗೇರ್ ಸೈಕಲ್ ಕೊಂಡ ಯುವಕರಿಗೆ ಇಂತಹ ದಾರಿಗಳೆಂದರೆ ಆಸೆ. ಕರಾವಳಿಯ ನಮ್ಮ ಮನೆಗಳಲ್ಲೂ ಈಗ ಇಂತಹ ಮಕ್ಕಳಿದ್ದಾರೆ. ಮೊದಲು ರವಿವಾರದ ಸವಾರಿ, ಆಮೇಲೆ 50 ಕಿಲೋಮೀಟರ್, ಆಮೇಲೆ 100. ಕೊನೆಗೊಂದು ದಿನ ಗೆಳೆಯನ ಜೊತೆ ಸೇರಿ ಸ್ಪರ್ಧೆಗೆ ಹೆಸರು ಕೊಡುವ ಮಾತು ಬರುತ್ತದೆ. ಆಗ ಮನೆಯಲ್ಲಿ ಎರಡು ಬಗೆಯ ಉತ್ತರ ಸಿಗುತ್ತದೆ. ಉಮ್ಮ ಹೇಳುವುದು, "ಬೇಡ ಮಗಾ, ಈಗೆಲ್ಲ ಸಣ್ಣ ಪ್ರಾಯದವರೇ ಎದೆನೋವು ಬಂದು ಹೋಗುತ್ತಿದ್ದಾರೆ." ತಂದೆ ಹೇಳುವುದು, "ಹೋಗಲಿ ಬಿಡು, ಮೊಬೈಲ್ ಹಿಡಿದು ಕೂರುವುದಕ್ಕಿಂತ ಒಳ್ಳೆಯದು." ಇಬ್ಬರ ಮಾತೂ ಸುಳ್ಳಲ್ಲ. ಆದರೆ ಎರಡೂ ಸಾಲದು.

ನನ್ನ ಅಭಿಪ್ರಾಯ ಇಷ್ಟೇ. ಮಕ್ಕಳನ್ನು ತಡೆಯಬೇಡಿ, ಆದರೆ ಒಂದು ಷರತ್ತು ಹಾಕಿ ಕಳುಹಿಸಿ. ತಂಡದಲ್ಲಿ ಹಿಂದೆ ಉಳಿದವನು "ಸಾಕು" ಎಂದರೆ ಮುಂದಿದ್ದವನು ಮರುಮಾತಿಲ್ಲದೆ ನಿಲ್ಲಬೇಕು. ಇಂತಹ ಸ್ಪರ್ಧೆಗಳಲ್ಲಿ ಜೀವಕ್ಕೆ ಅಪಾಯ ತರುವುದು ಗುಡ್ಡ ಮಾತ್ರವಲ್ಲ. "ನನ್ನಿಂದ ಆಗುವುದಿಲ್ಲ" ಎಂದು ಹೇಳಲು ಅಡ್ಡಬರುವ ನಾಚಿಕೆಯೂ ಅಷ್ಟೇ ಅಪಾಯಕಾರಿ.

ಎರಡು ನಿಮಿಷದ ನಿಯಮ

ಜೋಡಿಯಾಗಿ ಓಡುವ ಗುಡ್ಡಗಾಡು ಸೈಕಲ್ ಸ್ಪರ್ಧೆಗಳಲ್ಲಿ ಜಗತ್ತಿಗೆ ಚೆನ್ನಾಗಿ ಪರಿಚಿತವಾದದ್ದು ದಕ್ಷಿಣ ಆಫ್ರಿಕದ ಕೇಪ್ ಎಪಿಕ್. 2004ರಲ್ಲಿ ಆರಂಭವಾದ ಈ ಸ್ಪರ್ಧೆ ಎಂಟು ದಿನ ನಡೆಯುತ್ತದೆ. ಸವಾರರು ಒಟ್ಟು 600 ಕಿಲೋಮೀಟರಿಗೂ ಹೆಚ್ಚು ದೂರವನ್ನು ಕಲ್ಲು, ಮರಳು, ಗುಡ್ಡಗಳ ದಾರಿಯಲ್ಲಿ ಕ್ರಮಿಸುತ್ತಾರೆ. ಒಂದು ತಂಡದಲ್ಲಿ ಇಬ್ಬರು. ಇಬ್ಬರೂ ಒಬ್ಬರಿಂದೊಬ್ಬರು ಎರಡು ನಿಮಿಷಕ್ಕಿಂತ ಹೆಚ್ಚು ದೂರವಾಗಕೂಡದು. ದೂರವಾದದ್ದು ಸಿಕ್ಕಿಬಿದ್ದರೆ ತಂಡದ ಸಮಯಕ್ಕೆ ದಂಡದ ಸಮಯ ಸೇರಿಸುತ್ತಾರೆ. ಒಬ್ಬ ಅರ್ಧದಲ್ಲಿ ಬಿಟ್ಟರೆ ಇನ್ನೊಬ್ಬ ಎಷ್ಟೇ ಗಟ್ಟಿಗನಾಗಿದ್ದರೂ ಆ ತಂಡ ಪೂರ್ಣಗೊಳಿಸಿದ ತಂಡವೆಂದು ಲೆಕ್ಕಕ್ಕೆ ಬರುವುದಿಲ್ಲ. ಮೊದಲು ಬಂದವನ ಗಡಿಯಾರಕ್ಕೆ ಇಲ್ಲಿ ಬೆಲೆಯಿಲ್ಲ. ಎರಡನೆಯವನು ಗೆರೆ ದಾಟಿದಾಗಲೇ ತಂಡದ ಸಮಯ ನಿಲ್ಲುವುದು.

ಎಲ್ಲ ತಂಡ ಸ್ಪರ್ಧೆಗಳೂ ಹೀಗಿಲ್ಲ. 2015ರಲ್ಲಿ ನಾಸಿಕದ ಸಹೋದರರಾದ ಡಾ. ಹಿತೇಂದ್ರ ಮತ್ತು ಡಾ. ಮಹೇಂದ್ರ ಮಹಾಜನ್ ಸುಮಾರು 4,800 ಕಿಲೋಮೀಟರಿನ 'ರೇಸ್ ಅಕ್ರಾಸ್ ಅಮೆರಿಕ'ವನ್ನು ಒಂಬತ್ತು ದಿನಗಳೊಳಗೆ ಮುಗಿಸಿದ ಮೊದಲ ಭಾರತೀಯ ತಂಡವಾದರು. ಅದರಲ್ಲಿ ಸರದಿಯ ಪದ್ಧತಿ: ಒಬ್ಬ ತುಳಿಯುವಾಗ ಇನ್ನೊಬ್ಬ ವಾಹನದಲ್ಲಿ ವಿಶ್ರಾಂತಿ ಪಡೆಯಬಹುದು. ಅದೇ ಸ್ಪರ್ಧೆಯಲ್ಲಿ 2010ರಲ್ಲಿ ಒಬ್ಬಂಟಿಯಾಗಿ ಭಾಗವಹಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಮೀಮ್ ರಿಝ್ವಿ. ಆ ವರ್ಷ ಅವರಿಗೆ ಪೂರ್ತಿಗೊಳಿಸಲಾಗಲಿಲ್ಲ. ಮರುವರ್ಷ ಮತ್ತೆ ಹೋದರು. ಅರ್ಧಕ್ಕೆ ನಿಲ್ಲಿಸುವುದು ಸವಾರನ ಕೊನೆಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ನಮ್ಮ ದೇಶದಲ್ಲೂ ಹಿಮಾಚಲ ಪ್ರದೇಶದ ಎಂ.ಟಿ.ಬಿ. ಹಿಮಾಲಯದಂತಹ ಹಲವು ದಿನಗಳ ಗುಡ್ಡಗಾಡು ಸ್ಪರ್ಧೆಗಳು ನಡೆದಿವೆ. ಕರ್ನಾಟಕದವರಿಗೆ ಹತ್ತಿರದ್ದೆಂದರೆ 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್. ಅದು ಡಾಂಬರು ರಸ್ತೆಯ ಯಾತ್ರೆಯಾದರೂ ದಿನಗಟ್ಟಲೆ ಘಾಟಿ ಹತ್ತಿ ಇಳಿಯುವ ಅಭ್ಯಾಸ ಬಹಳ ಮಂದಿಗೆ ಆದದ್ದು ಅದರಿಂದ.

ಸರದಿಯ ಸ್ಪರ್ಧೆಗಿಂತಲೂ ಜೊತೆಯಾಗಿ ಸಾಗುವ ಸ್ಪರ್ಧೆಯನ್ನು ನಾನು ಮೆಚ್ಚುವುದಕ್ಕೆ ವೈದ್ಯಕೀಯ ಕಾರಣವೊಂದಿದೆ. ಮನುಷ್ಯನ ಹೃದಯ ಹಠಾತ್ತನೆ ನಿಂತರೆ, ಎದೆ ಒತ್ತುವ ಪ್ರಥಮ ಚಿಕಿತ್ಸೆ ಸಿಗದೆ ಕಳೆಯುವ ಪ್ರತಿಯೊಂದು ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ. ನಾಲ್ಕೈದು ನಿಮಿಷ ದಾಟಿದರೆ ಮೆದುಳಿಗೆ ಹಾನಿ ಶುರು. ಗೆಳೆಯ ಎರಡು ನಿಮಿಷದ ಅಂತರದಲ್ಲಿದ್ದರೆ ಉಳಿಸಬಹುದು. ಹತ್ತು ನಿಮಿಷ ಮುಂದೆ ಹೋಗಿ ತಿರುವಿನಲ್ಲಿ ಫೋಟೋ ತೆಗೆಯುತ್ತಾ ಕಾಯುತ್ತಿದ್ದರೆ ಅವನಿಗೆ ವಿಷಯ ಗೊತ್ತಾಗುವುದೇ ತಡವಾಗಿ. ಆಟಕ್ಕಾಗಿ ಮಾಡಿದ ನಿಯಮ ಕಾಡಿನ ದಾರಿಯಲ್ಲಿ ಜೀವರಕ್ಷಣೆಯ ನಿಯಮವೂ ಆಗುತ್ತದೆ.

ಉಮ್ಮನ ಭಯಕ್ಕೆ ಕಾರಣವಿದೆ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ವ್ಯಾಯಾಮದ ಬಗ್ಗೆಯೇ ಜನರಲ್ಲಿ ಹೆದರಿಕೆ ಹುಟ್ಟಿತು. 2025ರ ಜೂನ್, ಜುಲೈ ತಿಂಗಳುಗಳಲ್ಲಿ ಆ ಹೆದರಿಕೆ ನಮ್ಮ ಘಾಟಿಯ ತಲೆಗೇ ಬಂತು. ಹಾಸನ ಜಿಲ್ಲೆಯಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ಸುದ್ದಿಗಳು ಬಂದವು. ಯುವಕರ ಹೆಸರುಗಳೂ ಅದರಲ್ಲಿದ್ದವು. ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಬೆಳಗಾಗುವ ಮೊದಲೇ ಸಾಲು ನಿಂತಿತು. ಸರಕಾರ ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಸಮಿತಿ ಬೊಟ್ಟು ಮಾಡಿದ್ದು ಯಾವುದೋ ಹೊಸ ರೋಗದತ್ತ ಅಲ್ಲ. ಧೂಮಪಾನ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು ಎಂಬ ಹಳೆಯ ಕಾರಣಗಳತ್ತಲೇ. ಸತ್ತವರಲ್ಲಿ ಆಟೋ, ಟ್ಯಾಕ್ಸಿ ಚಾಲಕರು ಗಣನೀಯ ಸಂಖ್ಯೆಯಲ್ಲಿದ್ದರು.

ಇದನ್ನು ನಮ್ಮ ಮನೆಗಳಿಗೆ ಹೋಲಿಸಿ ನೋಡಿ. ದಿನವಿಡೀ ಸ್ಟೇರಿಂಗ್ ಹಿಡಿದು ಕೂರುವವರು, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು, ಗಲ್ಫಿನಲ್ಲಿ ದುಡಿದು ಸಕ್ಕರೆ ಕಾಯಿಲೆಯೊಂದಿಗೆ ಮರಳಿದವರು ನಮ್ಮಲ್ಲಿ ಎಷ್ಟು ಮಂದಿ! ಮದುವೆ, ಔತಣಗಳ ಬಿರಿಯಾನಿ ತಪ್ಪುವುದಿಲ್ಲ. ಬೆವರು ಸುರಿಸುವ ಕೆಲಸ ಮಾತ್ರ ತಪ್ಪಿಹೋಗಿದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೈಕಲ್ ಅದಕ್ಕೆ ಒಳ್ಳೆಯ ದಾರಿ. ಮಂಡಿಯ ಮೇಲೆ ದೇಹದ ಭಾರ ಬೀಳುವುದಿಲ್ಲ, ಶ್ವಾಸಕ್ಕೂ ಹೃದಯಕ್ಕೂ ಕೆಲಸ ಸಿಗುತ್ತದೆ. ಆದ್ದರಿಂದ ಸೈಕಲ್ ಬೇಡವೆನ್ನುವುದು ಪರಿಹಾರವಲ್ಲ. ತಯಾರಿ ಇಲ್ಲದೆ, ತಪಾಸಣೆ ಇಲ್ಲದೆ, ಯಾರನ್ನೋ ಹಿಂದಿಕ್ಕುವ ಹಟದಲ್ಲಿ ಘಾಟಿ ಹತ್ತುವುದು ಬೇಡ.

ಸ್ಪರ್ಧೆಗೆ ಹೆಸರು ಕೊಡುವ ಮೊದಲು ತಂಡದ ಇಬ್ಬರೂ ವೈದ್ಯರ ಬಳಿ ಹೋಗಲಿ. ರಕ್ತದೊತ್ತಡ, ಸಕ್ಕರೆ, ಇ.ಸಿ.ಜಿ. ಇಷ್ಟಾದರೂ ನೋಡಿಸಲಿ. ಕುಟುಂಬದಲ್ಲಿ 50 ದಾಟುವ ಮೊದಲೇ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದರೆ, ಓಡುವಾಗ ಅಥವಾ ಏರು ಹತ್ತುವಾಗ ಒಮ್ಮೆಯಾದರೂ ಕಣ್ಣು ಕತ್ತಲೆ ಬಂದು ಬಿದ್ದಿದ್ದರೆ, ಎದೆ ಬಿಗಿತ ಅಥವಾ ವಿಪರೀತ ಎದೆಬಡಿತ ಇದ್ದರೆ ಅದನ್ನು ವೈದ್ಯರಿಗೆ ಬಿಡಿಸಿ ಹೇಳಬೇಕು. ಅಂತಹವರಿಗೆ ಇ.ಸಿ.ಜಿ. ಒಂದೇ ಸಾಲದು, ಎಕೋ ಮತ್ತಿತರ ಪರೀಕ್ಷೆ ಬೇಕಾಗಬಹುದು. ಹಣದ ಚಿಂತೆಯಿಂದ ಇದನ್ನು ಮುಂದೂಡಬೇಕಾಗಿಲ್ಲ. ಪುನೀತ್ ಹೆಸರಿನಲ್ಲಿ ರಾಜ್ಯ ಸರಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸುವ ವ್ಯವಸ್ಥೆ ಇದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರ ಪ್ರಯತ್ನದಿಂದ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಇ.ಸಿ.ಜಿ. ಯಂತ್ರಗಳು ತಲುಪಿವೆ.

ಇನ್ನೊಂದು ಮಾತು. ಜ್ವರ ಇದ್ದಾಗ, ಜ್ವರ ಬಿಟ್ಟು ಎರಡು ಮೂರು ದಿನವಾಗಿದ್ದಾಗಲೂ ಕಠಿಣ ಸವಾರಿ ಕೂಡದು. ಕೆಲವು ವೈರಸ್ ಜ್ವರಗಳಲ್ಲಿ ಹೃದಯದ ಸ್ನಾಯುವಿಗೂ ಉರಿಯೂತ ಆಗಿರುತ್ತದೆ. ಆಗ ಶ್ರಮ ಹಾಕಿದರೆ ಗಟ್ಟಿಮುಟ್ಟಾದ ಯುವಕನ ಪ್ರಾಣಕ್ಕೂ ಸಂಚಕಾರ. "ಪ್ಯಾರಸಿಟಮಾಲ್ ನುಂಗಿ ಹೋಗುತ್ತೇನೆ, ಗೆಳೆಯನಿಗೆ ಮಾತು ಕೊಟ್ಟಿದ್ದೇನೆ" ಎಂದು ಹೊರಡುವ ಮಗನನ್ನು ಬಾಗಿಲಲ್ಲೇ ತಡೆಯುವ ಹಕ್ಕು ಮನೆಯವರಿಗಿದೆ.

ನಾಚಿಕೆ ಎಂಬ ರೋಗ

ಒಬ್ಬನೇ ಹೋದವನು ದಣಿದರೆ ಮರದ ನೆರಳಲ್ಲಿ ಕೂರುತ್ತಾನೆ. ಕೇಳುವವರಿಲ್ಲ. ಜೊತೆಯಲ್ಲಿ ಒಬ್ಬನಿದ್ದಾಗಲೇ ತೊಂದರೆ. ಅವನ ಹಣ, ಅವನ ತಿಂಗಳುಗಳ ತಯಾರಿ, ಅವನ ಆಸೆ ಎಲ್ಲವೂ ತನ್ನ ಕಾಲುಗಳ ಮೇಲೆ ನಿಂತಿದೆ ಎಂದು ಹಿಂದೆ ಉಳಿದವನಿಗೆ ಅನಿಸುತ್ತದೆ. "ಹೇಗಿದ್ದೀಯಾ?" ಎಂದು ಕೇಳಿದರೆ "ಏನಿಲ್ಲ, ನಡಿ" ಎನ್ನುತ್ತಾನೆ. ಎದೆಯಲ್ಲಿ ಭಾರ ಕೂತಿದ್ದರೂ ಗ್ಯಾಸ್ ಎನ್ನುತ್ತಾನೆ. ತಲೆ ಸುತ್ತಿದರೂ ಬಿಸಿಲು ಎನ್ನುತ್ತಾನೆ.

ಇದಕ್ಕೆ ಮದ್ದು ಮೊದಲೇ ಮಾಡಿಕೊಳ್ಳುವ ಒಪ್ಪಂದ. ಬ್ಯಾರಿಯಲ್ಲಿ 'ಮದಿ', ತುಳುವಿನಲ್ಲಿ 'ಯಾವು', ಉರ್ದುವಿನಲ್ಲಿ 'ಬಸ್', ಕನ್ನಡದಲ್ಲಿ 'ಸಾಕು'. ಯಾವ ಪದವಾದರೂ ಆಗಲಿ, ಆ ಪದ ಬಾಯಿಗೆ ಬಂದರೆ ಅಲ್ಲಿಗೆ ಸವಾರಿ ನಿಂತಿತು. ಚರ್ಚೆಯಿಲ್ಲ, ಇನ್ನೊಂದು ತಿರುವು ಅಷ್ಟೇ ಎಂಬ ಹುರಿದುಂಬಿಸುವಿಕೆ ಇಲ್ಲ. ಆಮೇಲೆ ಊರಿನಲ್ಲಿ ಅದನ್ನು ಹೇಳಿ ನಗುವುದೂ ಇಲ್ಲ. ಈ ಕೊನೆಯ ಮಾತು ಮುಖ್ಯ. ಒಮ್ಮೆ ನಕ್ಕರೆ ಮುಂದಿನ ಸಲ ಅವನು ಬಾಯಿ ಬಿಡುವುದಿಲ್ಲ.

ಬಾಯಿ ಬಿಡದವನ ದೇಹ ಮಾತಾಡುತ್ತದೆ, ಜೊತೆಗಾರ ಅದನ್ನು ಓದಲು ಕಲಿತಿರಬೇಕು. ಹರಟುತ್ತಿದ್ದವನು ಮೌನವಾದರೆ, ನೇರ ದಾರಿಯಲ್ಲೂ ಸೈಕಲ್ ಓಲಾಡಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ಬಿಸಿಲಲ್ಲಿ ಚಳಿ ಎಂದರೆ ಆ ಕ್ಷಣವೇ ನಿಲ್ಲಿಸಬೇಕು. ಇವು ದೇಹ ಕಾದು ಮೆದುಳು ತತ್ತರಿಸುತ್ತಿರುವ ಸೂಚನೆ. ನೆರಳಿಗೆ ಕರೆತಂದು ಬಟ್ಟೆ ಸಡಿಲಿಸಿ ತಲೆ, ಕತ್ತು, ಕಂಕುಳಿಗೆ ತಣ್ಣೀರು ಸುರಿದು ಗಾಳಿ ಹಾಕಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಉಸಿರಾಟ ನಿಂತಿದ್ದರೆ ಅಥವಾ ಸರಿಯಾಗಿ ಉಸಿರಾಡದಿದ್ದರೆ ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ನಿಮಿಷಕ್ಕೆ 100ರಿಂದ 120 ಸಲದಂತೆ ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಇದನ್ನು ತರಬೇತಿ ಪಡೆದವರಿಂದ ಒಂದು ಗಂಟೆಯಲ್ಲಿ ಕಲಿಯಬಹುದು. ನಮ್ಮ ಜಮಾಅತ್ ಕಮಿಟಿಗಳು, ಯುವಕ ಸಂಘಟನೆಗಳು ರಕ್ತದಾನ ಶಿಬಿರ ನಡೆಸುವಷ್ಟೇ ಉತ್ಸಾಹದಿಂದ ಈ ತರಬೇತಿಯನ್ನೂ ನಡೆಸಲಿ. ಸೈಕಲ್ ಸವಾರನಿಗೆ ಮಾತ್ರವಲ್ಲ, ಮಸೀದಿಯ ಅಂಗಳದಲ್ಲಿ ಕುಸಿದು ಬೀಳುವ ಹಿರಿಯರಿಗೂ ಅದು ಉಪಯೋಗಕ್ಕೆ ಬರುತ್ತದೆ.

ಗಟ್ಟಿಗನ ಕರ್ತವ್ಯವೂ ಇದೆ. ಕೇಪ್ ಎಪಿಕ್‌ನಂತಹ ಸ್ಪರ್ಧೆಗಳಲ್ಲಿ ಬಲಶಾಲಿ ಸವಾರ ಗಾಳಿಗೆ ಎದುರಾಗಿ ಮುಂದೆ ಸಾಗಿ ಜೊತೆಗಾರನನ್ನು ತನ್ನ ಹಿಂದೆ ಮರೆಯಲ್ಲಿ ಇಟ್ಟುಕೊಳ್ಳುತ್ತಾನೆ. ಏರಿನಲ್ಲಿ ಬೆನ್ನಿಗೆ ಕೈಯಿಟ್ಟು ತಳ್ಳುತ್ತಾನೆ. ಹೆಚ್ಚಿನ ನೀರು, ಉಪಕರಣಗಳ ಭಾರ ತಾನೇ ಹೊರುತ್ತಾನೆ. ನಮಗೆ ಇದು ಹೊಸ ಪಾಠವಲ್ಲ. ಜಮಾಅತ್ ನಮಾಝಿಗೆ ನಿಲ್ಲುವ ಇಮಾಮರು ಹಿಂದೆ ದುರ್ಬಲರು, ರೋಗಿಗಳು, ವೃದ್ಧರು ಇರುತ್ತಾರೆಂದು ನೆನಪಿಟ್ಟು ನಮಾಝನ್ನು ಹಗುರಗೊಳಿಸಬೇಕೆಂಬ ಪ್ರವಾದಿಯವರ(ಸ) ಸೂಚನೆ ನಮಗೆಲ್ಲ ಗೊತ್ತಿರುವುದೇ. ಸಾಲಿನಲ್ಲಿ ಪಾಲಿಸುವುದನ್ನು ದಾರಿಯಲ್ಲೂ ಪಾಲಿಸಿದರಾಯಿತು.

ಬುತ್ತಿಯಲ್ಲಿ ಏನಿರಲಿ

ಸವಾರಿಗೆಂದು ದುಬಾರಿ ಪುಡಿ, ಡಬ್ಬಿಯ ಪಾನೀಯ ಬೇಕೇ ಬೇಕೆಂದು ಮಕ್ಕಳು ಹೇಳಿದರೆ ನಂಬಬೇಡಿ. ಹೊರಡುವ ಎರಡು ಮೂರು ಗಂಟೆ ಮೊದಲು ಕುಚ್ಚಲಕ್ಕಿ ಗಂಜಿ, ಸ್ವಲ್ಪ ಚಟ್ನಿ, ಒಂದು ಮೊಟ್ಟೆ ಸಾಕು. ಕರಿದದ್ದು, ಹಿಂದಿನ ರಾತ್ರಿಯ ಮಾಂಸದ ಸಾರು ಬೇಡ. ದಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಮ್ ಸಕ್ಕರೆ ಅಂಶ ದೇಹಕ್ಕೆ ಸೇರಬೇಕು. ಐದಾರು ಸಣ್ಣ ಖರ್ಜೂರ ಅಥವಾ ಒಂದು ದೊಡ್ಡ ಬಾಳೆಹಣ್ಣು ಸುಮಾರು 30 ಗ್ರಾಮಿಗೆ ಹತ್ತಿರ. ಹಸಿವಾಗುವವರೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ಇಬ್ಬರೂ ಒಟ್ಟಿಗೆ ತಿನ್ನಲಿ. ಒಟ್ಟಿಗೆ ಎಂದದ್ದು ಸುಮ್ಮನೆ ಅಲ್ಲ. ಗೆಳೆಯ ತಿನ್ನುತ್ತಿಲ್ಲ ಎಂಬುದು ಕಾಣುವುದು ಆಗ ಮಾತ್ರ.

ನೀರಿನ ವಿಷಯದಲ್ಲಿ ಕಡಿಮೆಯೂ ತಪ್ಪು, ಅತಿಯೂ ತಪ್ಪು. ಕರಾವಳಿಯ ಸೆಖೆಯಲ್ಲಿ ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಬರಿಯ ನೀರನ್ನು ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಉಪ್ಪಿನಂಶ ಇಳಿದು ತಲೆನೋವು, ವಾಂತಿ, ಗೊಂದಲ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಓ.ಆರ್.ಎಸ್. ಪೊಟ್ಟಣವನ್ನು ಅದರಲ್ಲಿ ಬರೆದಷ್ಟೇ ನೀರಿಗೆ ಕರಗಿಸಿ ಒಂದು ಬಾಟಲಿಯಲ್ಲಿ ಇಟ್ಟುಕೊಳ್ಳಿ. ನಿಂತಲ್ಲಿ ಉಪ್ಪು ಹಾಕಿದ ಮಜ್ಜಿಗೆ, ಬೊಂಡ ಸಿಕ್ಕರೆ ಕುಡಿಯಿರಿ. ಎಷ್ಟು ಕುಡಿಯಬೇಕೆಂದು ತಿಳಿಯಲು ಮನೆಯಲ್ಲೇ ಉಪಾಯವಿದೆ. ಅಭ್ಯಾಸದ ದಿನ ಹೊರಡುವ ಮೊದಲು ಮತ್ತು ಬಂದ ಮೇಲೆ ತೂಕ ನೋಡಿ. 60 ಕಿಲೋ ತೂಗುವವನು 1.2 ಕಿಲೋಗಿಂತ ಹೆಚ್ಚು ಇಳಿದಿದ್ದರೆ ಕುಡಿದದ್ದು ಸಾಲಲಿಲ್ಲ. ತೂಕ ಏರಿದ್ದರೆ ಅತಿಯಾಯಿತು.

ನೋವಿನ ಮಾತ್ರೆ ನುಂಗಿ ಸವಾರಿಗೆ ಹೊರಡುವ ಕೆಟ್ಟ ಅಭ್ಯಾಸ ಕೆಲವರಲ್ಲಿದೆ. ನೀರು ಬತ್ತಿದ ದೇಹದಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಕಠಿಣ ಸವಾರಿಯ ನಂತರ ಮೂತ್ರ ಕಟ್ಟಂಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯುಗಳು ಒಡೆದು ಅದರ ಅಂಶ ರಕ್ತಕ್ಕೆ ಸೇರಿದೆ ಎಂದು ತಿಳಿದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾಚಿಕೆಯಿಂದ ಯಾರೂ ಹೇಳದ ಲಕ್ಷಣಗಳಲ್ಲಿ ಇದೂ ಒಂದು.

ಶುಚಿತ್ವ ಮರೆಯಬೇಡಿ

ದಿನಗಟ್ಟಲೆ ಸೀಟಿನ ಮೇಲೆ ಕೂರುವವರನ್ನು ಸ್ಪರ್ಧೆಯಿಂದ ಹೊರಗೆ ಹಾಕುವುದು ಹಲವು ಸಲ ಕಾಲುನೋವಲ್ಲ, ತೊಡೆಸಂದಿನ ಹುಣ್ಣು. ಬೆವರಿನಲ್ಲಿ ನೆನೆದ ಚರ್ಮ ಉಜ್ಜಿ ಕೀವಾಗುತ್ತದೆ. ಮೆತ್ತೆ ಇರುವ ಸೈಕಲ್ ಚಡ್ಡಿಯ ಒಳಗೆ ಇನ್ನೊಂದು ಒಳಉಡುಪು ತೊಡಬಾರದು, ಅದರ ಹೊಲಿಗೆಯೇ ಉಜ್ಜುವುದು. ಮೇಲಿನಿಂದ ಸಡಿಲವಾದ ಪ್ಯಾಂಟ್ ಹಾಕಿಕೊಂಡರೆ ಮರ್ಯಾದೆಯೂ ಉಳಿಯುತ್ತದೆ, ತೊಂದರೆಯೂ ಇಲ್ಲ. ಸವಾರಿ ಮುಗಿದ ಕೂಡಲೇ ಬಟ್ಟೆ ಬದಲಿಸಿ ಸಾಬೂನಿನಿಂದ ತೊಳೆದು ಚೆನ್ನಾಗಿ ಒರೆಸಿ ಒಣಗಿಸಬೇಕು. ಒಂದೇ ಚಡ್ಡಿಯನ್ನು ಒಗೆಯದೆ ಎರಡನೇ ದಿನ ತೊಡುವುದು, ಒಬ್ಬರ ಟವೆಲ್ಲನ್ನು ಇನ್ನೊಬ್ಬರು ಬಳಸುವುದು ಎರಡೂ ಬೇಡ. ಶುಚಿತ್ವಕ್ಕೆ ಇಷ್ಟು ಒತ್ತು ಕೊಡುವ ಸಮುದಾಯದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಘಾಟಿಯ ಹೊಳೆ ಎಷ್ಟು ತಿಳಿಯಾಗಿ ಕಂಡರೂ ಕುದಿಸದೆ ಕುಡಿಯಬೇಡಿ. ಮೇಲ್ಗಡೆ ಎಲ್ಲೋ ಕಾಡುಪ್ರಾಣಿಗಳು, ದನಗಳು ಇಳಿದಿರುತ್ತವೆ. ಕಾಲಿನಲ್ಲಿ ಗಾಯವಿದ್ದು ಕೆಸರು ನೀರಿನಲ್ಲಿ ನಡೆದರೆ ಇಲಿಜ್ವರದ ಸೋಂಕು ತಗಲಬಹುದು. ಅಂತಹ ಸವಾರಿಯಾದ ಎರಡು ಮೂರು ವಾರಗಳೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾದರೆ "ಹೊಳೆಯಲ್ಲಿ ಇಳಿದಿದ್ದೆ" ಎಂದು ವೈದ್ಯರಿಗೆ ತಪ್ಪದೆ ಹೇಳಿ. ಮಳೆಗಾಲದಲ್ಲಿ ಇಂಬಳ ಕಚ್ಚಿದರೆ ಕಿತ್ತೆಳೆಯದೆ ಉಗುರಿನಿಂದ ಜಾರಿಸಿ ತೆಗೆದು ಸಾಬೂನು ನೀರಿನಲ್ಲಿ ತೊಳೆಯಿರಿ. ರಕ್ತ ಸ್ವಲ್ಪ ಹೊತ್ತು ಸೋರುವುದು ಸಹಜ.

ಬೇಸಗೆಯಲ್ಲಿ ಎಚ್ಚರ ಬೇಕಾದದ್ದು ಉಣ್ಣಿಗಳ ಬಗ್ಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ 1982-83ರಲ್ಲಿ ನಮ್ಮ ಬೆಳ್ತಂಗಡಿ ಕಡೆಯಲ್ಲೂ ಬಹಳ ಮಂದಿಯನ್ನು ಕಾಡಿತ್ತು. ಕಾಡಿನ ದಾರಿಯಲ್ಲಿ ಹೋಗಿ ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಕಂಕುಳು, ಮಂಡಿಯ ಹಿಂಭಾಗ, ಸೊಂಟದ ಸುತ್ತ ಉಣ್ಣಿ ಇದೆಯೇ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ದಾರಿಯನ್ನು ತಿಳಿದು ಹೊರಡಿ

ಶಿರಾಡಿಯ ಹೆದ್ದಾರಿ ಅಭ್ಯಾಸದ ಮೈದಾನವಲ್ಲ. ಟ್ಯಾಂಕರ್, ಲಾರಿ, ರಾತ್ರಿ ಬಸ್ಸುಗಳ ನಡುವೆ ಜೋಡಿಯಾಗಿ ಸಾಗುವುದು ಆತ್ಮಹತ್ಯೆಗೆ ಸಮ. ಒಡೆಯರ ಒಪ್ಪಿಗೆ ಪಡೆದು ತೋಟದ ದಾರಿಗಳಲ್ಲಿ, ಊರೊಳಗಿನ ಕಡಿಮೆ ವಾಹನಗಳ ರಸ್ತೆಗಳಲ್ಲಿ ಅಭ್ಯಾಸ ನಡೆಯಲಿ. ಅರಣ್ಯದೊಳಕ್ಕೆ ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ. ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ 2023ರ ಫೆಬ್ರವರಿಯಲ್ಲಿ ಕಾಡಾನೆಯ ದಾಳಿಗೆ ಇಬ್ಬರು ಬಲಿಯಾದದ್ದನ್ನು ನಾವು ಮರೆಯಬಾರದು. ಬೆಳಗಾಗುವ ಮೊದಲು, ಕತ್ತಲಾದ ಮೇಲೆ ಸದ್ದಿಲ್ಲದ ಸೈಕಲ್‌ನಲ್ಲಿ ಆನೆಯ ಮುಂದೆ ಹೋಗಿ ನಿಲ್ಲುವ ಸಾಹಸ ಬೇಡ.

ಗುಂಡ್ಯದಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗಳು ಸುಮಾರು 80 ಕಿಲೋಮೀಟರ್ ದೂರ. ಘಾಟಿಯಲ್ಲಿ ಹಲವೆಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, 108ಕ್ಕೆ ಕರೆ ಮಾಡಲೂ ಹಿಂದಕ್ಕೆ ಬರಬೇಕಾಗಬಹುದು. ಆದ್ದರಿಂದ ಅಭ್ಯಾಸಕ್ಕೆ ಇಬ್ಬರಿಗಿಂತ ಮೂವರು ಅಥವಾ ನಾಲ್ವರು ಒಳ್ಳೆಯದು. ಒಬ್ಬ ರೋಗಿಯ ಬಳಿ ಉಳಿದರೆ ಇನ್ನೊಬ್ಬ ಸಹಾಯಕ್ಕೆ ಓಡಬಹುದು. ಹೋಗುವ ದಾರಿ, ಮರಳುವ ಸಮಯವನ್ನು ಮನೆಯಲ್ಲಿ ಬರೆದಿಟ್ಟು ಹೋಗಲಿ. ಝುಹರ್, ಅಸ್ರ್‌ಗೆ ಎಲ್ಲಿ ನಿಲ್ಲುವುದೆಂದು ಮೊದಲೇ ನಿಗದಿಯಾಗಿರಲಿ. ವುಝೂ ಮಾಡಲು ನಿಲ್ಲುವ ಆ ಹತ್ತು ಹದಿನೈದು ನಿಮಿಷ ಒಬ್ಬರ ಮುಖ ಇನ್ನೊಬ್ಬರು ಸರಿಯಾಗಿ ನೋಡುವ ಸಮಯವೂ ಹೌದು.

ರಮಝಾನಿನಲ್ಲಿ ಉಪವಾಸವಿದ್ದು ಹಗಲಿನಲ್ಲಿ ಘಾಟಿ ಹತ್ತುವುದನ್ನು ಶೌರ್ಯವೆಂದು ತಿಳಿಯಬೇಡಿ. ಆ ತಿಂಗಳು ಅಭ್ಯಾಸ ತಪ್ಪಬಾರದೆನ್ನುವವರು ಇಫ್ತಾರ್ ಆಗಿ ಒಂದೆರಡು ಗಂಟೆಯ ನಂತರ ದೀಪ ಇರುವ ಊರ ರಸ್ತೆಯಲ್ಲಿ ಅರ್ಧ ಗಂಟೆ ನಿಧಾನವಾಗಿ ತುಳಿದರೆ ಸಾಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನೂ ಮಾಡಬಾರದು.

ಮನೆಯೂ ಒಂದು ತಂಡ

ಇದೆಲ್ಲ ಗಂಡುಮಕ್ಕಳ ಮಾತಾಯಿತು ಎಂದು ಅನಿಸಬಹುದು. ಕೇಪ್ ಎಪಿಕ್‌ನಲ್ಲಿ ಮಹಿಳೆಯರ ತಂಡಗಳಿವೆ, ಗಂಡು ಹೆಣ್ಣು ಸೇರಿದ ತಂಡಗಳಿವೆ, 40 ದಾಟಿದವರಿಗೆ, 50 ದಾಟಿದವರಿಗೆ ಬೇರೆ ವಿಭಾಗಗಳಿವೆ. ನಮ್ಮಲ್ಲಿ ಎಂಟು ಹತ್ತು ವರ್ಷದವರೆಗೆ ಸೈಕಲ್ ತುಳಿದ ಹುಡುಗಿ ಆಮೇಲೆ ಅದನ್ನು ಮುಟ್ಟುವುದಿಲ್ಲ. 40ಕ್ಕೆ ಬರುವಾಗ ಮಂಡಿನೋವು, 50ಕ್ಕೆ ಸಕ್ಕರೆ. ಸಡಿಲವಾದ ಪ್ಯಾಂಟಿನ ತುದಿಗೆ ಪಟ್ಟಿ ಕಟ್ಟಿ, ತಲೆವಸ್ತ್ರವನ್ನು ಪಿನ್ ಮಾಡಿ ಅದರ ಮೇಲೆ ಹೆಲ್ಮೆಟ್ ತೊಟ್ಟು ಸೈಕಲ್ ತುಳಿಯಲು ಏನೂ ಅಡ್ಡಿಯಿಲ್ಲ. ಜೋತಾಡುವ ಬಟ್ಟೆ ಚಕ್ರಕ್ಕೆ, ಚೈನಿಗೆ ಸಿಗದಂತೆ ನೋಡಿಕೊಂಡರಾಯಿತು. ಅಣ್ಣ ತಂಗಿ, ಗಂಡ ಹೆಂಡತಿ, ತಂದೆ ಮಗಳು ಬೆಳಿಗ್ಗೆ ಸುಬುಹ್ ಆದ ಮೇಲೆ ಬೆಳಕು ಹರಿದಾಗ ಅರ್ಧ ಗಂಟೆ ಹೊರಟರೆ ಅದೇ ಒಂದು ತಂಡ.

"ಸ್ಪರ್ಧೆಯೇ ಏಕೆ ಬೇಕು, ಸುಮ್ಮನೆ ತುಳಿದರೆ ಸಾಲದೇ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆರೋಗ್ಯಕ್ಕೆ ಸ್ಪರ್ಧೆ ಬೇಕಾಗಿಲ್ಲ. ಆದರೆ ಒಂದು ದಿನಾಂಕ ಮುಂದಿದ್ದರೆ ಸಿಗರೇಟು ಬಿಡಲು, ರಾತ್ರಿ ಬೇಗ ಮಲಗಲು, ಔತಣದಲ್ಲಿ ಎರಡನೇ ತಟ್ಟೆ ಬೇಡವೆನ್ನಲು ಕಾರಣ ಸಿಗುತ್ತದೆ. ಜೊತೆಗಾರನಿದ್ದರೆ ಸೋಮಾರಿತನಕ್ಕೆ ನೆಪ ಸಿಗುವುದಿಲ್ಲ. ಗೆಲುವಿಗಾಗಿ ಅಲ್ಲದಿದ್ದರೂ ಈ ಶಿಸ್ತಿಗಾಗಿಯಾದರೂ ನಾನು ತಂಡ ಸ್ಪರ್ಧೆಯ ಪರ. "ದುಡ್ಡು ದಂಡ" ಎನ್ನುವವರಿಗೆ ಒಂದು ಮಾತು: ದುಬಾರಿ ಸೈಕಲ್ ಬೇಕಿಲ್ಲ. ಸರಿಯಾದ ಎತ್ತರದ ಸೀಟು, ಹಿಡಿಯುವ ಬ್ರೇಕು, ತಲೆಗೆ ಒಳ್ಳೆಯ ಹೆಲ್ಮೆಟ್ ಬೇಕು. ಬೀಳುವುದು ಹೆಚ್ಚಾಗಿ ಏರಿನಲ್ಲಲ್ಲ, ಇಳಿಜಾರಿನಲ್ಲಿ.

ಇನ್ನು, ನಾಚಿಕೆಯ ಮಾತು ಸೈಕಲ್‌ಗೆ ಸೀಮಿತವಲ್ಲ. ಮನೆಯಲ್ಲಿ ಹಿಂದೆ ಉಳಿದವರು ಯಾರೆಂದು ಒಮ್ಮೆ ನೋಡಿ. ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟರೂ ಯಾರಿಗೂ ಹೇಳದ ಉಮ್ಮ. ಮಗನ ಕಾಲೇಜು ಫೀಸು ಮುಗಿಯಲಿ ಎಂದು ತಪಾಸಣೆ ಮುಂದೂಡುವ ತಂದೆ. ಅವರೂ "ಏನಿಲ್ಲ" ಎನ್ನುತ್ತಾರೆ. ಕುಟುಂಬದ ವೇಗವೂ ಅವರ ವೇಗವೇ ಆಗಿರಬೇಕು.

ನಿಮ್ಮ ಮನೆಯಲ್ಲಿ ಯಾರಾದರೂ ಈ ಚಳಿಗಾಲದಲ್ಲಿ ಗುಂಡ್ಯದ ಕಡೆಗೆ ಸೈಕಲ್ ತಿರುಗಿಸುವ ಯೋಚನೆಯಲ್ಲಿದ್ದರೆ ಬೇಡವೆನ್ನಬೇಡಿ. ಅವನ ಜೊತೆಗಾರನನ್ನು ಒಂದು ದಿನ ಊಟಕ್ಕೆ ಕರೆಯಿರಿ. ಇಬ್ಬರನ್ನೂ ಕೂರಿಸಿ ಮೂರು ಪ್ರಶ್ನೆ ಕೇಳಿ: ಇ.ಸಿ.ಜಿ. ಆಯಿತೇ? ಎದೆ ಒತ್ತುವ ಪ್ರಥಮ ಚಿಕಿತ್ಸೆ ಗೊತ್ತಿದೆಯೇ? 'ಸಾಕು' ಎಂದರೆ ನಿಲ್ಲುತ್ತೀರಾ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಬುತ್ತಿ ಕಟ್ಟಿ ಕೊಟ್ಟು ದುಆ ಮಾಡಿ ಕಳುಹಿಸಿ. ಒಂದಕ್ಕಾದರೂ ತಡವರಿಸಿದರೆ ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ತಿಂಗಳು ಹೋಗಲಿ.